ಪಿಕಪ್ಪಿಗೆ ನಾವೇ ಬಣ್ಣ ಹೊಡೆದದ್ದು

ನಗಬಾರದ ಹೊತ್ತಿಗೇ ಸರಿಯಾಗಿ ನಗು ಬರೋ ಅಂಥದ್ದೇನಾದರೂ ನಡೆಯೋದು ನಮ್ಮ ಮನೆಗೆ ಹೊಸದಲ್ಲ. ನಮ್ಮಜ್ಜಿ ಸತ್ತ ದಿನ ಚಟ್ಟ ಕಟ್ಟೋಕೆ ಬಂದವರು ಗಡಿಬಿಡೀಲಿ ಪಕ್ಕದ ಮನೆಯವನ ಹೊಸ ಏಣಿಯನ್ನೇ ಕಟ್ಟಿಬಿಟ್ಟಿದ್ದರು. ಆತ ಸ್ಮಶಾನದ ತನಕ ಅಳ್ತಾ ಬಂದ. ಅಜ್ಜಿ ಮೇಲೆ ಎಷ್ಟು ಪ್ರೀತಿ ಇತ್ತಲ್ಲ ಅಂತ ನಾವೆಲ್ಲ ಕರಗಿಹೋಗಿದ್ವಿ.

ಈಗ ಹೇಳೋದು ಪಿಕಪ್ಪಿನ ವಿಚಾರ. ನಯಾ ಪೈಸೆ ಬಂದು ಎರಡೋ ಮೂರೋ ವರ್ಷ ಆಗಿತ್ತು. ನಾವು ಕೋರಮಂಡಲ್‌ನಲ್ಲಿ ಚಿನ್ನದ ಗಣಿಯವರ ಕೂಲಿ ಲೈನಿನಲ್ಲಿದ್ವಿ. ನನ್ನ ಗಂಡ ಅಂದರೆ ನನ್ನ ತಾಯಿಯ ಕೊನೇ ತಮ್ಮ. ಚಿಕ್ಕಂದಿನಿಂದ ಮಾವ ಅಂತ ಕರೆದು ರೂಢಿ, ತಾಳಿ ಕಟ್ಟಿದ ಮೇಲೂ ನನ್ನ ಬಾಯಿ ತಿರುಗಲಿಲ್ಲ. ಹದಿನೆಂಟು ವರ್ಷ ಗಣಿಯೊಳಗೆ ಬಂಡೆ ಕೊರೆದೂ ಕೊರೆದೂ ಮಾವನ ಎದೆ ತುಂಬ ಕಲ್ಲಿನ ಧೂಳು ಕೂತಿತ್ತು. ಇನ್ನು ಒಳಗೆ ಇಳಿಯೋ ಹಾಗಿಲ್ಲ ಅಂದರು ಡಾಕ್ಟರು. ಕೆಲಸ ಹೋದರೆ ಲೈನಿನ ಮನೆಯೂ ಹೋಯ್ತು, ಖಾಲಿ ಮಾಡೋಕೆ ಎರಡು ತಿಂಗಳು ವಾಯಿದೆ ಸಿಕ್ಕಿತು.

ಮದುವೆಗೆ ಮುಂಚೆ ಮಾವ ಲಾರಿ ಓಡಿಸಿದ್ದರು, ಲೈಸೆನ್ಸ್ ಇತ್ತು. ಕೈಗೆ ಬಂದ ದುಡ್ಡಲ್ಲಿ ಬಂಗಾರಪೇಟೆಯ ಹುಣಸೆಹಣ್ಣಿನ ಮಂಡಿಯವರ ಹಳೇ ಪಿಕಪ್ಪು ಕೊಂಡುಬಂದರು. ಕಾಮಸಮುದ್ರದ ಕಡೆಯಿಂದ ತರಕಾರಿ ತಂದು ಮಾರೋದು, ಬಂಗಾರಪೇಟೇಲಿ ಒಂದು ಬಾಡಿಗೆ ಮನೆ ಹಿಡಿಯೋದು, ಇಷ್ಟು ಲೆಕ್ಕ. ಗಾಡಿ ಓಡಿದರೆ ಅನ್ನ, ಇಲ್ಲದಿದ್ದರೆ ಇಲ್ಲ. ಆದರೆ ಹುಣಸೆಹುಳಿ ಅದರ ಮೈಯನ್ನೆಲ್ಲ ತಿಂದುಹಾಕಿತ್ತು. ಆ ತುಕ್ಕಿನಲ್ಲಿ ಬ್ರೇಕ್ ಇನ್‌ಸ್ಪೆಕ್ಟರು ಪಾಸು ಮಾಡಲ್ಲ, ಪಾಸಾಗದೆ ರೋಡಿಗೆ ಇಳಿಸೋ ಹಾಗಿಲ್ಲ. ಪೇಂಟರನ್ನ ಕರೆಯೋಕೆ ನಮ್ಮ ಹತ್ರ ಏನೂ ಉಳಿದಿರಲಿಲ್ಲ.

"ಗೋಡೆಗೆ ಸುಣ್ಣ ಬಳೀತೀಯಲ್ಲ, ಇದೂ ಅಂಗೇ ಕಣೇ" ಅಂದರು ಮಾವ.

ಅಂಗೇ ಇರಲಿಲ್ಲ.

ಎಣ್ಣೆ ಸ್ನಾನ

ಬಣ್ಣದ ಅಂಗಡಿಯವನು ಒಂದೇ ಮಾತು ಹೇಳಿ ಕಳಿಸಿದ್ದ: ಮೊದಲು ತುಕ್ಕು ಕೆರೀಬೇಕು, ಮೈಮೇಲೆ ಜಿಡ್ಡು ಇರಬಾರದು. ನಾನು ಎರಡು ದಿನ ಉಪ್ಪುಕಾಗದ ಹಾಕಿ ಉಜ್ಜಿದೆ. ಜಿಡ್ಡು ತೆಗೆಯೋಕೆ ನನಗೆ ಗೊತ್ತಿದ್ದದ್ದು ಸೀಗೆಪುಡಿ ಒಂದೇ. ಒಂದು ಬೋಸಿ ಸೀಗೆಪುಡಿ ಕಲೆಸಿ, ಮುಂದಿನ ಬಾನೆಟ್ಟಿಂದ ಹಿಂದಿನ ಹಲಗೆ ತನಕ ತಿಕ್ಕಿ ನಾಲ್ಕು ಕೊಡ ಬಿಸಿನೀರು ಹುಯ್ದೆ. ಗಾಡಿ ಫಳಫಳ ಅಂತಿತ್ತು. ನಾಳೆ ಬಣ್ಣ ಅಂತ ಹೇಳಿ ನಾನು ಊಟಕ್ಕೆ ಎದ್ದೆ.

ಆ ಕಡೆ ಮಾವನಿಗೆ ಪಾಪ, ನಾನೊಬ್ಬಳೇ ದುಡೀತಿದೀನಿ ಅಂತ ಸಂಕಟ. ಧೂಳಿನ ಹತ್ರ ಬರಬೇಡ ಅಂತ ನಾನೇ ದೂರ ಕೂರಿಸಿದ್ದೆ. ನಾನು ಒಳಗೆ ಹೋದದ್ದೇ ತಡ, ತೆರೆದ ತಗಡು ಮತ್ತೆ ತುಕ್ಕು ಹಿಡಿಯದಿರಲಿ ಅಂತ ಮನೇಲಿದ್ದ ಹರಳೆಣ್ಣೆಯನ್ನೆಲ್ಲ ಅದಕ್ಕೆ ಸವರಿದ್ದಾರೆ. ನನಗೆ ಹೇಳಲಿಲ್ಲ. ಬೆಳಿಗ್ಗೆ ಆಶ್ಚರ್ಯ ಆಗಲಿ ಅಂತ.

ಆಯ್ತು ಆಶ್ಚರ್ಯ. ಹೊಡೆದ ಬಣ್ಣ ಹೊಡೆದ ಹಾಗೆ ಜಾರಿ ಮಧ್ಯಾಹ್ನದ ಹೊತ್ತಿಗೆ ನೆಲದ ಮೇಲಿತ್ತು. ಮಾವ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರು. ಬೈಯೋಣ ಅಂತ ಬಾಯಿ ತೆಗೆದವಳು ಆ ಮುಖ ನೋಡಿ ನುಂಗಿಕೊಂಡೆ.

"ಮಾವ, ನಮ್ಮ ಮನೇಲಿ ಎಣ್ಣೆ ಮೊದಲು, ಸೀಗೆ ಆಮೇಲೆ. ನಿನ್ನ ಅಕ್ಕ ಇಷ್ಟೂ ಕಲಿಸಲಿಲ್ವಾ?" ಅಂದೆ.

"ಕಲಿಸವ್ಳೆ. ಗಾಡಿಗೂ ಅದೇ ಅಂತ ಯೋಳಿರ್ಲಿಲ್ಲ" ಅಂದರು. ಗಾಡಿಗೆ ಎರಡನೇ ಸಲ ಸೀಗೆ ಹಚ್ಚಿ ನೀರು ಹಾಕಿದೆ.

ಚಪ್ಪಾಳೆ

ಬಣ್ಣದ ವಾಸನೆ ಮಾವನಿಗೆ ಆಗುತ್ತಿರಲಿಲ್ಲ, ಕೂಗಿ ಹೇಳಿದರೆ ಕೆಮ್ಮು ಶುರುವಾಗಿ ಕಣ್ಣು ಮೇಲೆ ಸಿಕ್ಕಿಕೊಳ್ಳೋದು. ಆದರೆ ಮೇಸ್ತ್ರಿಕೆ ಬಿಡೋ ಜನ ಅಲ್ಲ. ನಲ್ಲಿ ಕಟ್ಟೆ ಮೇಲೆ ಕೂತು ಚಪ್ಪಾಳೆಯಲ್ಲೇ ಹುಕುಂ ಮಾಡೋರು. ಒಂದು ಚಪ್ಪಾಳೆ ಅಂದರೆ ಸಾಕು, ಮುಂದಕ್ಕೆ ಹೋಗು. ಎರಡು ಅಂದರೆ ಅದೇ ಜಾಗಕ್ಕೆ ಇನ್ನೊಂದು ಸಲ ಹೊಡಿ. ಒಳ್ಳೆ ಉಪಾಯ. ಎರಡು ದಿನ ಚೆನ್ನಾಗಿ ನಡೀತು.

ಶನಿವಾರ ಸಂಜೆ ಬಲಗಡೆ ಬಾಗಿಲಿಗೆ ಹೊಡೀತಿದ್ದೆ. ಎರಡು ಚಪ್ಪಾಳೆ ಕೇಳಿಸ್ತು. ಇನ್ನೊಂದು ಕೋಟು ಹೊಡೆದೆ. ಮತ್ತೆ ಎರಡು. ಮತ್ತೊಂದು ಕೋಟು. ಮತ್ತೆ ಎರಡು. ಇದೇನು ಈ ಬಾಗಿಲ ಮೇಲೆ ಇಷ್ಟು ಪ್ರೀತಿ ಅಂತ ಗೊಣಗಿಕೊಂಡೇ ಹೊಡೆದೆ. ಐದನೇ ಕೋಟಿಗೆ ರೇಗಿಹೋಯ್ತು. ಬ್ರಷ್ ಬಿಸಾಕಿ ತಿರುಗಿ ನೋಡ್ತೀನಿ, ಕಟ್ಟೆ ಮೇಲೆ ಯಾರೂ ಇಲ್ಲ. ಹಿಂದಿನ ಲೈನಿನಲ್ಲಿ ಶನಿವಾರದ ಭಜನೆ ಶುರುವಾಗಿತ್ತು, ಚಪ್ಪಾಳೆ ಅವರದು.

ಮಾವ ಎಲ್ಲಿ ಅಂತ ಒಳಗೆ ಓಡಿದೆ. ಗೋಡೆ ಹಿಡಿದು ಉಸಿರಿಗೆ ಒದ್ದಾಡ್ತಾ ನಿಂತಿದ್ದರು. ನನಗೆ ಹೆದರಿಕೆ ಆಗಬಾರದು ಅಂತ ಸದ್ದಿಲ್ಲದೆ ಒಳಗೆ ಬಂದಿದ್ದಾರೆ. ಬೆನ್ನು ನೀವಿದೆ, ನೀರು ಕುಡಿಸಿದೆ. ಅರ್ಧ ಗಂಟೆ ಆದ ಮೇಲೆ ಉಸಿರು ಹತೋಟಿಗೆ ಬಂತು. ಐದು ಕೋಟಿನ ಕತೆ ಹೇಳಿದೆ.

"ಆ ಬಾಗಿಲು ಒಂದೇ ಸಾಕು ಬುಡು, ದೇವ್ರ ಎಸ್ರು ಕೇಳ್ಕೊಂಡು ಬಣ್ಣ ಕುಡಿದೈತೆ" ಅಂದರು. ಆ ಬಾಗಿಲ ಮೇಲೆ ಬಣ್ಣ ಎಷ್ಟು ದಪ್ಪ ಆಗಿತ್ತು ಅಂದರೆ ಆಮೇಲೆ ಅದು ಸರಿಯಾಗಿ ಮುಚ್ಚಿಕೊಳ್ಳಲೇ ಇಲ್ಲ.

ಸೀರೆ ಅಂಚು

ನಮ್ಮೂರಿನ ಸೈನೈಡ್ ದಿಬ್ಬ ನೋಡಿದವರಿಗೆ ಗೊತ್ತು. ಚಿನ್ನ ತೆಗೆದುಕೊಂಡ ಮೇಲೆ ಅರೆದ ಕಲ್ಲಿನ ಪುಡೀನೆಲ್ಲ ಗುಡ್ಡ ಗುಡ್ಡ ಸುರಿದಿರ್ತಾರೆ. ಆಷಾಢದ ಗಾಳಿ ಎದ್ದರೆ ಅದು ಅನ್ನದ ತಟ್ಟೆ ತನಕ ಬರುತ್ತೆ. ಇಷ್ಟು ವರ್ಷ ಅಲ್ಲೇ ಬಾಳಿದವಳು ನಾನು, ಆದರೂ ಬಣ್ಣ ಹೊಡೆಯೋ ಗಡಿಬಿಡೀಲಿ ಗಾಳಿ ಮರೆತುಬಿಟ್ಟಿದ್ದೆ. ಬಾನೆಟ್ಟು ಮುಗಿಸಿ ಕೈ ಒರೆಸಿಕೊಳ್ತಿದ್ದ ಹಾಗೇ ದಿಬ್ಬದ ಕಡೆಯಿಂದ ಬೆಳ್ಳಗೆ ಎದ್ದುಬಂತು.

ಪಕ್ಕದ ಮನೆಯ ತಮಿಳು ಅಜ್ಜಿ, ಲೈನಿಗೆಲ್ಲ ಪಾಟಿ, ಹಗ್ಗದ ಮೇಲಿದ್ದ ತನ್ನ ಸೀರೆ ಎಳೆದುಕೊಂಡು ಓಡಿಬಂದಳು. ನಾನೂ ನನ್ನೆರಡು ಸೀರೆ ತಂದೆ. ಹಸಿ ಬಣ್ಣದ ಮೇಲೆ ಮೂರೂ ಸೀರೆ ಹೊದಿಸಿ, ಗಾಳಿ ನಿಲ್ಲೋ ತನಕ ಇಬ್ಬರೂ ನಾಲ್ಕು ಮೂಲೆ ಹಿಡಿದುಕೊಂಡು ನಿಂತ್ವಿ. ಗಾಳಿ ನಿಂತಿತು. ಸೀರೆ ಮಾತ್ರ ಬರಲಿಲ್ಲ. ಎಳೆದು ಕಿತ್ತಾಗ ಬಾನೆಟ್ಟಿನ ಮೇಲೆ ಪಾಟಿ ಸೀರೆಯ ರುದ್ರಾಕ್ಷಿ ಅಂಚು ಅಚ್ಚೊತ್ತಿದ ಹಾಗೆ ಕೂತಿತ್ತು.

ಪಾಟಿ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿದಳು. "ನನ್ನ ಮಗಳ ಮದುವೆಗೆ ತಗೊಂಡ ಸೀರೆ ಅಮ್ಮಾ. ಮದುವೇಲೂ ಇಷ್ಟು ಚೆಂದ ಕಾಣಲಿಲ್ಲ" ಅಂದಳು.

ಸೀರೆ ಮುಚ್ಚದ ಕಡೆ ಬಣ್ಣವೆಲ್ಲ ತರಿತರಿ. ಮಾವ ಬಂದು ಅದರ ಮೇಲೆ ಬೆರಳಾಡಿಸಿದರು. ಬೆರಳ ತುದಿಯ ಪುಡಿ ಬೆಳಕಿಗೆ ಹಿಡಿದು ನೋಡಿದರು.

"ನನ್ ಎದೆ ಒಳಗಿರೋದೂ ಇದೇ ಕಣೇ. ಎಂಗಿರ್ತೈತೋ ಅನ್ಕೊಂಡಿದ್ದೆ, ಇವತ್ತು ಕಂಡೆ" ಅಂದರು.

ನಾನು ಸೆರಗಿನಿಂದ ಅವರ ಬೆರಳು ಒರೆಸಿದೆ. ಪಾಟಿ ಹೇಳಿದಳು: "ಗಾಡಿಗಾದರೆ ಸೀರೆ ಹೊದಿಸಿದ್ವಿ. ನಿನಗೆ ಯಾರೂ ಹೊದಿಸಲಿಲ್ಲವಲ್ಲಪ್ಪಾ." ಮಾವನೇ ಮೊದಲು ನಕ್ಕರು, ಸೀರೆ ಉಟ್ಟು ಗಣಿಗೆ ಇಳಿಯೋದು ಹೆಂಗೆ ಪಾಟಿ ಅಂದರು.

ಎರಡು ಗಾಡಿ

ಮೊದಲ ಡಬ್ಬಿ ನೀಲಿ ಬಣ್ಣ ಅರ್ಧ ಗಾಡಿಗೇ ಮುಗೀತು. ಎರಡನೇ ಡಬ್ಬಿಯೂ ನೀಲಿಯೇ, ಆದರೆ ಬೇರೆ ನೀಲಿ. ಎಡಮೈ ಕಡು, ಬಲಮೈ ತಿಳಿ. ಇನ್ನೊಂದು ಡಬ್ಬಿ ತರೋ ಶಕ್ತಿ ಇಲ್ಲದೆ ಹಾಗೇ ಬಿಟ್ವಿ.

ನಮ್ಮ ಮನೆ ತನಗೆ ಸಿಗುತ್ತೆ ಅಂತ ಮುಂದಿನ ಲೈನಿನವನೊಬ್ಬ ಕಾಯ್ತಿದ್ದ. ಮಾವ ಗಾಡಿ ಓಡಿಸಿ ನೋಡೋಕೆ ಲೈನಿನ ಮುಂದೆ ಒಂದು ಸಲ ಹೋಗಿ ಬಂದರು. ಹೋಗ್ತಾ ಅವನಿಗೆ ಕಂಡದ್ದು ಕಡುನೀಲಿ, ಬರ್ತಾ ಕಂಡದ್ದು ತಿಳಿನೀಲಿ. ಮಾರನೇ ದಿನ ನಮ್ಮ ಬಾಗಿಲಿಗೇ ಬಂದ.

"ಎರಡೆರಡು ಗಾಡಿ ಮಡಗಿದೀರ, ಇನ್ನೂ ಈ ಮನೆ ಯಾಕಣ್ಣ? ಖಾಲಿ ಮಾಡ್ಬಾರ್ದಾ?"

"ಮೂರನೇದು ಬರ್ಲಿ ಇರಪ್ಪ, ಒಟ್ಗೇ ಓಗ್ತೀವಿ" ಅಂದರು ಮಾವ.

ಪಾಸು

ವಾಯಿದೆ ಮುಗಿಯೋಕೆ ಎಂಟು ದಿನ ಇತ್ತು. ಬಂಗಾರಪೇಟೇಲಿ ಮುಸಾಫಿರ್ ಖಾನೆ ಪಕ್ಕದ ಬಯಲಿಗೆ ಬ್ರೇಕ್ ಇನ್‌ಸ್ಪೆಕ್ಟರು ಬಂದಿದ್ದರು. ಹತ್ತು ಹನ್ನೆರಡು ಲಾರಿ ಸಾಲಾಗಿ ನಿಂತಿದ್ವು, ಕೊನೇಲಿ ನಮ್ಮದು. ಮಾವನಿಗೆ ಹಿಂದಿನ ದಿನದಿಂದಲೇ ಉಸಿರು ಸರಿ ಇರಲಿಲ್ಲ. ಮನೇಲೇ ನಾನು, ಬೇಡ ಮಾವ, ಮುಂದಿನ ತಿಂಗಳು ನೋಡೋಣ ಅಂದಿದ್ದೆ. ಮುಂದಿನ ತಿಂಗಳು ಎಲ್ಲಿರ್ತೀವಿ ಅಂದರು. ನಾನೂ ಜೊತೆಗೆ ಎದ್ದು ಹೊರಟಿದ್ದೆ.

ಇನ್‌ಸ್ಪೆಕ್ಟರು ಬ್ರೇಕು, ದೀಪ ಎಲ್ಲ ನೋಡಿದರು. ಬಣ್ಣ ನೋಡಿ ಒಂದು ಸಲ ನನ್ನ ಕಡೆ ತಿರುಗಿದರು. ಆಮೇಲೆ ಇಂಜಿನ್ ನಿಲ್ಲಿಸಿ ಕೆಳಗಿಳಿ ಅಂದರು. ಮಾವ ನಿಲ್ಲಿಸಿ ಇಳಿದು ಅವರ ಹಿಂದೆ ಕೈಕಟ್ಟಿ ನಿಂತರು. ಇನ್‌ಸ್ಪೆಕ್ಟರು ಕಿವಿ ನಿಮಿರಿಸಿದರು.

"ಸುಯ್ ಅಂತಿದೆಯಲ್ಲ. ಎಲ್ಲೋ ಗಾಳಿ ಹೋಗ್ತಿದೆ."

ಮುಂದಿನ ಚಕ್ರದ ಹತ್ರ ಬಗ್ಗಿದರು. ಮಾವನೂ ಮರ್ಯಾದೆಗೆ ಹಿಂದೆಯೇ ಬಗ್ಗಿದರು. "ಇದು ಲೀಕು" ಅಂತ ಇನ್‌ಸ್ಪೆಕ್ಟರು ಎದ್ದು ಆ ಕಡೆ ಚಕ್ರಕ್ಕೆ ಹೋದರು. ಮಾವ ಹಿಂದೆಯೇ. "ಇದೂ ಲೀಕು." ಹಿಂದಿನ ಎರಡು ಚಕ್ರಕ್ಕೂ ಇದೇ ಕತೆ. ಲಾರಿ ಡ್ರೈವರುಗಳೆಲ್ಲ ಸುತ್ತ ನೆರೆದಿದ್ದರು.

"ಏನಯ್ಯ ನೀನು, ನಾಲ್ಕು ಚಕ್ರಾನೂ ಲೀಕು ಇಟ್ಕೊಂಡು ಪಾಸಿಗೆ ತಂದಿದೀಯ?"

"ಚಕ್ರ ಅಲ್ಲ ಸ್ವಾಮಿ" ಅಂದರು ಮಾವ. "ಅದು ನಾನು."

ಬಯಲಿಗೆ ಬಯಲೇ ನಕ್ಕಿತು. ಇನ್‌ಸ್ಪೆಕ್ಟರ ಮುಖ ಕೆಂಪಾಯ್ತು. ಮೇಜಿನ ಹತ್ರ ಹೋಗಿ ಒಂದು ವರ್ಷಕ್ಕೆ ಪಾಸು ಬರೆದರು. ಮಾವ ಚೀಟಿ ಕಣ್ಣಿಗೊತ್ತಿಕೊಂಡರು.

"ಗಾಡಿಗೆ ಒಂದು ವರ್ಸ ಬರ್ಕೊಟ್ರಿ. ಪೆನ್ನು ಎಂಗೂ ಕೈಲೈತೆ, ನಂಗೂ ಒಂದು ವರ್ಸ ಬರ್ಕೊಟ್ಬುಡಿ ಸ್ವಾಮಿ."

ಮತ್ತೆ ಎಲ್ಲರೂ ನಕ್ಕರು. ನಾನೂ ನಕ್ಕೆ, ಸೆರಗು ಬಾಯಿಗೆ ತುರುಕಿಕೊಂಡು. ಇನ್‌ಸ್ಪೆಕ್ಟರೊಬ್ಬರು ನಗಲಿಲ್ಲ. "ನನ್ನ ಕೈಲಿದ್ದಿದ್ರೆ ಹತ್ತು ಬರೀತಿದ್ದೆನಪ್ಪ" ಅಂದರು.

ಎಂಟು ದಿನದಲ್ಲಿ ಮನೆ ಬಿಟ್ವಿ, ಸಾಮಾನೆಲ್ಲ ಅದೇ ಗಾಡೀಲಿ ಬಂತು. ಮಾವ ಏಳು ತಿಂಗಳು ತರಕಾರಿ ಹೊಡೆದರು. ಕಾಮಸಮುದ್ರದ ದಾರೀಲಿ ಸಿಕ್ಕವರಿಗೆಲ್ಲ ಚಕ್ರದ ಕತೆ ಹೇಳಿ ನಗಿಸಿದರು. ಎಂಟನೇ ತಿಂಗಳು ಅವರಿಗೆ ಏಳೋಕಾಗಲಿಲ್ಲ.

ವರ್ಷ ತುಂಬಿದಾಗ ನನ್ನ ತಮ್ಮ ಗಾಡಿ ಓಡಿಸಿಕೊಂಡು ಅದೇ ಬಯಲಿಗೆ ಹೋದ, ನಾನೂ ಪಕ್ಕದಲ್ಲಿದ್ದೆ. ಅದೇ ಇನ್‌ಸ್ಪೆಕ್ಟರು. ಗಾಡಿ ನೋಡಿದ ಕೂಡಲೇ ಗುರುತು ಹಿಡಿದು ನಗ್ತಾ ಬಂದರು. ಇಂಜಿನ್ ನಿಲ್ಲಿಸಪ್ಪ ಅಂದರು. ತಮ್ಮ ನಿಲ್ಲಿಸಿದ. ಅವರು ಹೋದ ಸಲದ ಹಾಗೇ ತಲೆ ಒಂದು ಕಡೆ ಓರೆ ಮಾಡಿ ಕಿವಿಗೊಟ್ಟರು. ಯಾವ ಸದ್ದೂ ಇರಲಿಲ್ಲ. ತಿರುಗಿ ನನ್ನ ಬರಿ ಹಣೆ ನೋಡಿದರು. ಚಕ್ರ ನೋಡಲಿಲ್ಲ, ಬ್ರೇಕು ನೋಡಲಿಲ್ಲ, ಹೋಗಿ ಬರೆದುಕೊಟ್ಟರು.