ಎರಡು ಸೀಟಿನ ಕಾರಿಗೆ ಮೂರು ಕೊಟೇಶನ್ನು

ಸ್ಪೋರ್ಟ್ಸ್ ಕಾರಿನ ಇನ್ಶೂರೆನ್ಸ್ ಬಗ್ಗೆ ನಮ್ಮ ಮಾವನಿಗೆ ಗೊತ್ತಿರುವಷ್ಟು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಇನ್ನೊಬ್ಬರಿಗೆ ಗೊತ್ತಿದ್ದರೆ ನನ್ನ ಹೆಸರು ಬದಲಿಸಿ ಕರೆಯಿರಿ! ಎರಡು ಕೋಟಿಯ ಕಾರಿಗೆ ಪ್ರೀಮಿಯಂ ಎಷ್ಟು, ಬಾಗಿಲು ಮೇಲಕ್ಕೆ ತೆರೆಯುವ ಕಾರಿಗೆ ಎಷ್ಟು, ಸೂರೇ ಇಲ್ಲದ ಕಾರಿಗೆ ಎಷ್ಟು, ಎಲ್ಲ ಬಾಯಿಪಾಠ. ಮಾವನ ಹತ್ತಿರ ಕಾರಿಲ್ಲ ಎನ್ನುವುದೊಂದೇ ಸಣ್ಣ ಕೊರತೆ. ಇರುವುದು ಒಂದು ಹಳೇ ಮೊಪೆಡ್ಡು. ಅದರ ಮೇಲೆ ಹುಲೇಕಲ್ಲಿನಿಂದ ಶಿರಸಿಗೆ ಬರುವಾಗ ನಡೆದು ಹೋಗುವವರು ಮಾತಾಡಿಸುತ್ತ ಜೊತೆಗೇ ಬರುತ್ತಾರೆ. ಅವಸರವಿದ್ದವರು ಹಿಂದೆ ಹಾಕಿ ಮುಂದೆ ಹೋಗುತ್ತಾರೆ.

ಈತ ನನ್ನ ಅಮ್ಮನ ಅಣ್ಣ. ವಯಸ್ಸು ಎಪ್ಪತ್ತೊಂದು. ಈತನ ಕಾಟ ನನಗೇ ಏಕೆ ಎಂದರೆ, ನಾನು ಮಾಡುವುದು ವಾಹನ ವಿಮೆಯ ಕೆಲಸ. ಕಳೆದ ದಸರೆಗೆ ಹುಬ್ಬಳ್ಳಿಯ ನೌಕರಿ ಬಿಟ್ಟು ಬಂದು, ಶಿರಸಿ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಪಕ್ಕದಲ್ಲಿ ಒಂದು ಕೋಣೆ ಹಿಡಿದು ನನ್ನದೇ ಆಫೀಸು ತೆರೆದೆ. ಒಂದು ಟೇಬಲ್ಲು, ಒಂದು ಪ್ರಿಂಟರು, ಗಿರಾಕಿಗೆ ಎರಡು ಕುರ್ಚಿ. ಗಿರಾಕಿ ಮಾತ್ರ ಇಲ್ಲ! ಈಗ ಎಲ್ಲರಿಗೂ ಮೊಬೈಲೇ ಏಜೆಂಟು, ನನ್ನನ್ನು ಕೇಳುವವರು ಯಾರು? ಯುಗಾದಿಯೊಳಗೆ ನೂರು ಪಾಲಿಸಿ ಆಗದಿದ್ದರೆ ಬಾಗಿಲು ಹಾಕಿ ಹುಬ್ಬಳ್ಳಿಯ ಕೌಂಟರಿಗೇ ವಾಪಸು ಎಂದು ಮಾವನ ಮನೆಯಲ್ಲಿ ಅತ್ತೆಯ ಮುಂದೆ ಹೇಳಿಕೊಂಡು ಒಂದು ದಿನ ಅತ್ತಿದ್ದೂ ಆಯಿತು. ದೇವರು ಗಿರಾಕಿಗಳನ್ನು ಕಳಿಸುವ ಬದಲು ಮಾವನನ್ನು ಕಳಿಸಿದ.

ಒಂದು ಗುರುವಾರ ಬೆಳಿಗ್ಗೆ ಮಾವ ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತ. ಮೊಬೈಲಿನಲ್ಲಿ ಒಂದು ಕೆಂಪು ಕಾರಿನ ಚಿತ್ರ ತೋರಿಸಿದ. ನೆಲಕ್ಕೆ ಅಂಟಿಕೊಂಡಂತಿತ್ತು.

"ಕೂಸೆ, ಇದಕ್ಕೆ ಇನ್ಶೂರೆನ್ಸ್ ಎಷ್ಟು ಆಗ್ತು?"

"ಯಾರ ಕಾರು ಮಾವ?"

"ಯಾರದ್ದಾದ್ರೆ ನಿಂಗೆ ಎಂತಾತು? ಗಿರಾಕಿ ಕೇಳಿದ್ದ ಹೇಳು!"

ಲೆಕ್ಕ ಹಾಕಿ ಹೇಳಿದೆ. ವರ್ಷದ ಪ್ರೀಮಿಯಮ್ಮಿನಲ್ಲಿ ಒಂದು ಹಳೇ ಕಾರನ್ನೇ ಕೊಳ್ಳಬಹುದಿತ್ತು. ಮಾವ ಬೆಚ್ಚಲಿಲ್ಲ. "ಇದು ಎಂಗೆ, ಎಪ್ಪತ್ತೊಂದರಂವಂಗೆ. ಇದನ್ನೇ ಇಪ್ಪತ್ತೆರಡು ವರ್ಷದ ಮಾಣಿ ಓಡಿಸಿದ್ರೆ? ನಲವತ್ತೈದರಂವ ಓಡಿಸಿದ್ರೆ?" ಎಂದ. ಹುಟ್ಟಿದ ದಿನ ಬದಲಿಸಿ ಬದಲಿಸಿ ಹಾಕಿದೆ. ಮೂರಕ್ಕೂ ಅದೇ ಮೊತ್ತ! ನಮ್ಮಲ್ಲಿ ಕಾರಿನ ಬೆಲೆ ನೋಡುತ್ತಾರೆ, ಕಾರಿನ ವಯಸ್ಸು ನೋಡುತ್ತಾರೆ. ಸ್ಟೇರಿಂಗ್ ಹಿಡಿದವನಿಗೆ ಮೀಸೆ ಬಂದಿದೆಯೋ, ಬಂದದ್ದು ಬೆಳ್ಳಗಾಗಿದೆಯೋ ಎಂದು ಸಾಮಾನ್ಯವಾಗಿ ಕೇಳುವುದಿಲ್ಲ.

ಮಾವನಿಗೆ ರೇಗಿತು. "ಎಂತ ನ್ಯಾಯ ಇದು? ಕಾರಿನ ವಯಸ್ಸು ಕೇಳ್ತು, ಮನುಷ್ಯಂದು ಕೇಳ್ತಿಲ್ಲೆ! ಹೋರಿಗೂ ಎತ್ತಿಗೂ ಒಂದೇ ರೇಟಾ?"

"ಹೊರದೇಶದಲ್ಲಿ ಕೇಳ್ತ ಮಾವ. ಹುಡುಗರಿಗೆ ಜಾಸ್ತಿ, ನಡುವಯಸ್ಸಿಗೆ ಕಮ್ಮಿ, ಎಪ್ಪತ್ತು ದಾಟಿದ್ರೆ ಮತ್ತೆ ಜಾಸ್ತಿ."

ಕೊನೆಯ ಮಾತು ಹೇಳಬಾರದಿತ್ತು. ಮಾವ ಮುಖ ತಿರುಗಿಸಿ ಎಲೆಯಡಿಕೆ ತೆಗೆದು ಒಂದು ಕವಳ ಹಾಕಿದ. ಆಮೇಲೆ ಎದ್ದು ನಿಂತು, "ಮೂರು ವಯಸ್ಸಿಂದೂ ಮೂರು ಕಾಗದ ತೆಗಿ. ನಿನ್ನ ಹೆಸರು, ಫೋನ್ ನಂಬರು ದೊಡ್ಡಕೆ ಇರವು" ಎಂದು ಅಪ್ಪಣೆ ಮಾಡಿದ. ಕಾಗದ ಮಡಚಿ ಎಲೆಯಡಿಕೆ ಇಡುವ ಕವಳದ ಸಂಚಿಗೆ ತುರುಕಿಕೊಂಡು ಹೊರಟ.

ಮುಂದಿನ ಗುರುವಾರ ಮತ್ತೆ ಹಾಜರು. ಈ ಸಲ ಹಳದಿ ಕಾರು. ಅದರ ಮುಂದಿನ ಗುರುವಾರ ನೀಲಿ ಕಾರು, ಜೊತೆಗೆ ಮಾವ ತಾನೇ ತಯಾರಿಸಿದ ದರಪಟ್ಟಿ! ಇಪ್ಪತ್ತೆರಡರವನಿಗೆ ಎರಡು ಪಟ್ಟು, ಏಕೆಂದರೆ ಅವನ ಒಂದು ಕಣ್ಣು ಮೊಬೈಲಿನಲ್ಲಿ. ನಲವತ್ತೈದರವನಿಗೆ ಮುಕ್ಕಾಲು, ಏಕೆಂದರೆ ಪಕ್ಕದಲ್ಲಿ ಹೆಂಡತಿ ಕೂತಿರುತ್ತಾಳೆ, ಬ್ರೇಕು ಅವಳೇ ಹಾಕುತ್ತಾಳೆ. ಎಪ್ಪತ್ತೊಂದರವನಿಗೆ ಅರ್ಧ, ಏಕೆಂದರೆ ಅವನು ಮೈಲಿಗೊಮ್ಮೆ ಕವಳ ಹಾಕಲು ನಿಲ್ಲಿಸುತ್ತಾನೆ. ನಿಂತ ಕಾರು ಯಾರಿಗೆ ಗುದ್ದೀತು? ವಿಮೆಯ ದರ ಕಟ್ಟುವವರು ಓದಿದ್ದರೆ ಕೆಲಸ ಬಿಟ್ಟು ಹೋಗುತ್ತಿದ್ದರು.

ಇಷ್ಟೂ ವಾದ ನಡೆಯುವುದು ದೊಡ್ಡ ಗಂಟಲಿನಲ್ಲಿ. ಬಸ್ಸಿಗೆ ಕಾಯುವವರೆಲ್ಲ ನನ್ನ ಬಾಗಿಲಲ್ಲೇ! ಮಾನ ಹರಾಜಾಗುತ್ತಿದೆ ಎಂದು ನಾನು ಒಳಗೊಳಗೇ ಬೇಯುತ್ತಿದ್ದೆ. ಒಂದು ದಿನ ಬನವಾಸಿ ಕಡೆಯ ರೈತರೊಬ್ಬರು ಹಿಂಜರಿಯುತ್ತ ಒಳಗೆ ಬಂದರು.

"ಮೇಡಂ, ಎರಡು ಕೋಟಿ ಕಾರಿಗೆಲ್ಲ ಮಾಡ್ತೀರಂತಲ್ರೀ... ನಮ್ದೊಂದು ಟ್ರ್ಯಾಕ್ಟರ್ ಐತ್ರೀ. ಮಾಡ್ತೀರೋ, ಸಣ್ಣದಾತು ಅಂತೀರೋ?"

ಬರ್ರಿ, ಕೂಡ್ರಿ ಎಂದು ಕುರ್ಚಿ ಒರೆಸಿ ಕೂರಿಸಿದೆ. ಅದೃಷ್ಟ ಬಂತು ಎಂದುಕೊಂಡೆನೇ ಹೊರತು ಮಾವನ ನೆನಪೂ ಆಗಲಿಲ್ಲ ನೋಡಿ!

ನೆನಪಾದದ್ದು ಅತ್ತೆಯ ಫೋನು ಬಂದಾಗ. "ನಿನ್ನ ಮಾವ ಕೋಟಿ ಕಾರಿನ ಇನ್ಶೂರೆನ್ಸ್ ಕೇಳ್ತ್ರಡ ಹೌದನೆ? ಮೊದಲು ಮೊಪೆಡ್ಡಿಗೆ ಒಂದು ಟಯರ್ ಹಾಕ್ಸಲೆ ಹೇಳು!"

ಒಮ್ಮೆ ಮಾವ ಯಲ್ಲಾಪುರದ ಕಡೆ, ಮಾಗೋಡಿನ ಹತ್ತಿರ ಒಂದು ಉಪನಯನಕ್ಕೆ ಹೋಗಿದ್ದ. ಜಲಪಾತ ನೋಡಲು ಬಂದ ಯಾರೋ ಹುಡುಗನ ನಿಜವಾದ ಸ್ಪೋರ್ಟ್ಸ್ ಕಾರು ಅಲ್ಲಿನ ರಸ್ತೆ ಉಬ್ಬಿನ ಮೇಲೆ ಹೊಟ್ಟೆ ಕೊಟ್ಟು ಮಲಗಿಬಿಟ್ಟಿತು. ಉಪನಯನದ ಊಟಕ್ಕೆ ಬಂದವರೆಲ್ಲ ಕೈತೊಳೆದು ಅಲ್ಲೇ ಜಮಾಯಿಸಿದರು. ಕೆಲವರು ಅಡಿಕೆ ಮರ ಸೀಳಿದ ದಬ್ಬೆ ಹೊತ್ತು ತಂದು ಚಕ್ರಕ್ಕೆ ದಾರಿ ಮಾಡಿದರು. ಮಾವ ಮಾತ್ರ ಹುಡುಗನ ಹತ್ತಿರ ಹೋಗಿ, "ವಯಸ್ಸೆಷ್ಟು? ಪ್ರೀಮಿಯಂ ಎಷ್ಟು?" ಎಂದನಂತೆ! ಆ ಹುಡುಗನಿಗೆ ಅಳು ಬರುವುದೊಂದು ಬಾಕಿ. ಕಾರಿನಡಿಯಿಂದ ಎಣ್ಣೆ ಬೇರೆ ತೊಟ್ಟಿಕ್ಕುತ್ತಿತ್ತು.

"ಅಂಕಲ್, ಇನ್ಶೂರೆನ್ಸ್ ಮೊಬೈಲಲ್ಲಿ ಮಾಡಿದ್ದು. ಇದಕ್ಕೆ ಕೊಡ್ತಾರೋ ಇಲ್ವೋ ಗೊತ್ತಿಲ್ಲ. ಫೋನ್ ಮಾಡಿದ್ರೆ ಬರೀ ಸಂಗೀತ ಬರ್ತಿದೆ."

"ಸಂಗೀತ ಸಾಕು. ಶಿರಸಿಯಲ್ಲಿ ನಮ್ಮ ಹುಡುಗಿ ಇದ್ದಾಳೆ, ಅವಳನ್ನು ಕೇಳು" ಎಂದು ಮಾವ ನನ್ನ ನಂಬರು ಕೊಟ್ಟ.

ಹುಡುಗನ ಫೋನು ಬಂದಾಗ ನನಗೆ ಸಿಟ್ಟು ಬಂತು. ನನ್ನ ಗಿರಾಕಿಯಲ್ಲ, ನನ್ನ ಪಾಲಿಸಿಯಲ್ಲ! ಆದರೂ ಹುಡುಗನ ದನಿ ಕೇಳಿ ಪಾಪ ಅನ್ನಿಸಿತು. "ಎಂಜಿನ್ ಮಾತ್ರ ಸ್ಟಾರ್ಟ್ ಮಾಡಬೇಡಪ್ಪ. ಎಣ್ಣೆ ಸೋರುವಾಗ ಓಡಿಸಿ ಎಂಜಿನ್ ಹೋದರೆ ಅದಕ್ಕೆ ಪರಿಹಾರ ಕೊಡದೇ ಇರಬಹುದು. ಫೋಟೊ ತೆಗೆ, ಕಂಪನಿಗೆ ಮೆಸೇಜಾದರೂ ಹಾಕು, ಗಾಡಿ ಎಳೆಸಿಕೊಂಡು ಹೋಗು" ಎಂದು ಬಿಡಿಸಿ ಹೇಳಿದೆ. ಫೋನು ಸ್ಪೀಕರಿನಲ್ಲಿತ್ತೆಂದೂ, ಮಾವ ಅದನ್ನು ಮೇಲೆತ್ತಿ ಹಿಡಿದಿದ್ದನೆಂದೂ, ಊಟದ ಮನೆಯ ಅಷ್ಟೂ ಜನ ಕಿವಿಗೊಟ್ಟು ಕೇಳಿದರೆಂದೂ ನನಗೇನು ಗೊತ್ತು?

ಅದರ ಮರು ಗುರುವಾರ ನಮಗಿಬ್ಬರಿಗೂ ಜಗಳವೇ ಆಯಿತು. ಮಾವ ಸಂಚಿ ಬಿಚ್ಚಿದ, ಒಳಗಿನ ಎಲೆ ಸುತ್ತಿದ್ದು ನನ್ನ ಕೊಟೇಶನ್ನಿನಲ್ಲಿ! ಹಳದಿ ಕಾರು, ವಯಸ್ಸು ನಲವತ್ತೈದು.

"ಪ್ರಿಂಟರಿನ ಶಾಯಿ ಬಿಟ್ಟಿ ಬತ್ತು ಹೇಳಿ ತಿಳ್ಕಂಡಿದ್ಯ ಮಾವ? ಇಲ್ಲಿ ಯುಗಾದಿ ಹತ್ರ ಬಂತು, ಎನ್ನ ಗತಿ ಎಂತದು ಹೇಳಿ ಗೊತ್ತಿಲ್ಲೆ!"

ಮಾವ ತಣ್ಣಗೆ ಸುಣ್ಣ ಹಚ್ಚಿದ. "ಒಳ್ಳೆ ದಪ್ಪ ಕಾಗದ. ಎಲೆ ಬಾಡ್ತಿಲ್ಲೆ."

ಇಂಥವನ ಹತ್ತಿರ ಏನು ಜಗಳ ಆಡುತ್ತೀರಿ!

ಯುಗಾದಿಗೆ ಒಂದು ವಾರ ಇರುವಾಗ ನೂರು ದಾಟಿತು. ಸ್ಕೂಟರು, ಆಟೊ, ಪಿಕಪ್ಪು, ಬನವಾಸಿ ಕಡೆಯ ಹನ್ನೊಂದು ಟ್ರ್ಯಾಕ್ಟರು. ನನ್ನ ಶ್ರಮ, ನನ್ನ ಬುದ್ಧಿ ಎಂದು ಬೀಗಿದೆ. ಹುಬ್ಬಳ್ಳಿಗೆ ಫೋನು ಮಾಡಿ, ನಾನು ಬರುವುದಿಲ್ಲ ಎಂದು ಜಂಬದಿಂದಲೇ ಹೇಳಿದೆ. ಆ ದಿನವೇ ಹೆಗಡೆಕಟ್ಟಾದ ಹೆಂಗಸೊಬ್ಬರು ಸ್ಕೂಟರಿನ ಕಾಗದಪತ್ರ ಹಿಡಿದು ಬಂದರು.

"ನನ್ನ ವಿಳಾಸ ಯಾರು ಕೊಟ್ಟರು?" ಎಂದೆ.

ಅವರು ಪರ್ಸಿನಿಂದ ಒಂದು ಮಡಚಿದ ಕಾಗದ ತೆಗೆದರು. ಅಂಚಿನಲ್ಲಿ ಸುಣ್ಣದ ಕಲೆ. ಕೆಂಪು ಕಾರು, ವಯಸ್ಸು ಎಪ್ಪತ್ತೊಂದು. ಕೆಳಗೆ ದೊಡ್ಡದಾಗಿ ನನ್ನ ಹೆಸರು, ನನ್ನ ನಂಬರು.

"ಮದುವೆ ಮನೇಲಿ ಒಬ್ರು ಅಜ್ಜ ನಮ್ಮನೆಯವ್ರಿಗೆ ಕವಳ ಕಟ್ಟಿಕೊಟ್ರು. ಎಲೆ ತಿಂದು ಕಾಗದ ಬಿಸಾಡಡಿ, ಇಟ್ಕಳಿ, ನಮ್ಮ ಕೂಸಿನ ನಂಬರಿದ್ದು ಅಂದ್ರಡ. ಎಲ್ಲರಿಗೂ ಹಂಗೇ ಕೊಡ್ತಿದ್ರಡ."

ನಮ್ಮಲ್ಲಿ ಕವಳ ಕೊಡದೆ ಮಾತು ಶುರುವಾಗದು, ಕೊಟ್ಟದ್ದನ್ನು ಯಾರೂ ಬೇಡ ಎನ್ನರು. ಆ ದಿನ ಬಂದ ಇನ್ನಿಬ್ಬರನ್ನು ಕೇಳಿದೆ. ಒಬ್ಬರ ಜೇಬಿನಲ್ಲೂ ಸುಣ್ಣದ ಕಲೆಯ ಕಾಗದ. ಇನ್ನೊಬ್ಬರು ಮಾಗೋಡಿನ ಸ್ಪೀಕರಿನಲ್ಲಿ ನನ್ನ ದನಿ ಕೇಳಿದವರು. ನಾನು ಇಷ್ಟು ದಿನ ಬೈದುಕೊಂಡದ್ದೆಲ್ಲ ನೆನಪಾಗಿ, ಪ್ರಿಂಟರಿಗೆ ಹೊಸ ದಪ್ಪ ಕಾಗದ ತುಂಬಿದೆ.

ಗುರುವಾರ ಮಾವ ಬಂದ. ಕೂರುವ ಮೊದಲೇ ಕಾಗದ ಮುಂದಿಟ್ಟೆ. ಮೂರಲ್ಲ, ಮೂವತ್ತು. ಮಾವ ಕಾಗದ ನೋಡಿದ, ನನ್ನ ಮುಖ ನೋಡಿದ, ಸಿಕ್ಕಿಬಿದ್ದೆ ಎಂದು ಗೊತ್ತಾಗಿ ಸಂಚಿಯೊಳಗೆ ಇಲ್ಲದ ಅಡಿಕೆ ಹುಡುಕತೊಡಗಿದ.

"ಮಾವ, ಒಂದು ದಿನನಾದ್ರೂ ಆ ಕಾರು ತಗಳವು ಹೇಳಿ ಅನ್ಸಿದ್ದಿಲ್ಯ?"

"ಹುಚ್ಚು ಕೂಸೆ! ಅದ್ರಲ್ಲಿ ಇಪ್ಪದೇ ಎರಡು ಸೀಟು. ಒಂದ್ರಲ್ಲಿ ಆನು, ಇನ್ನೊಂದ್ರಲ್ಲಿ ನಿನ್ನತ್ತೆ. ನಿನ್ನ ಎಲ್ಲಿ ಕೂರ್ಸದು?"