ರಜೆಗೂ ಚೌಕಾಶಿ

ಇದನ್ನು ನೀವು ನಂಬುವುದಿಲ್ಲ. ಪರವಾಗಿಲ್ಲ. ನಮ್ಮ ಕೋಚಿಂಗ್ ಸೆಂಟರಿನ ಗೆಳೆಯರೂ ನಂಬಲಿಲ್ಲ. ನಾನು ಕೊಡಿಸಿದ ಸಮೋಸ ಮುಗಿಯುವ ತನಕ ಕಣ್ಣರಳಿಸಿ ಕೇಳಿ, ಕೈಯನ್ನು ನನ್ನ ಅಂಗಿಗೇ ಒರೆಸಿ, "ಕೋತಲು ಕೊಯ್ಯಕುರಾ" ಅಂದರು. ಬುರುಡೆ ಬಿಡಬೇಡವೋ ಅನ್ನುವುದನ್ನು ತೆಲುಗಿನಲ್ಲಿ ಹಾಗೆ ಹೇಳುತ್ತಾರೆ. ಆದರೂ ಹೇಳುತ್ತೇನೆ. ನಮ್ಮ ಹೈದರಾಬಾದಿನ ಮಾದಾಪುರದ ಐಟಿ ಕಂಪನಿಗಳ ಗಾಜಿನ ಕಟ್ಟಡಗಳನ್ನೆಲ್ಲ ತಲೆಕೆಳಗು ಮಾಡಿ ಉದುರಿಸಿದರೂ, "ನೀವು ಕೊಟ್ಟ ರಜೆ ಜಾಸ್ತಿಯಾಯಿತು, ಕಡಿಮೆ ಮಾಡಿ" ಎಂದು ಮ್ಯಾನೇಜರ ಜೊತೆ ಜಗಳ ತೆಗೆದ ಇಂಜಿನಿಯರು ಒಬ್ಬಳೇ ಸಿಗುತ್ತಾಳೆ. ಅವಳೇ ನಮ್ಮ ಮೌಶಿ!

ಮೌಶಿ ಅಂದರೆ ಅವ್ವನ ತಂಗಿ. ರಾಯಚೂರಿನಲ್ಲಿ ಓದಿ, ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಗೆ ಸೇರಿ, ನಾರಾಯಣಗೂಡದ ನಮ್ಮ ಮನೆಯಲ್ಲೇ ಇದ್ದಾಳೆ. ಕುತ್ತಿಗೆಗೆ ಆಫೀಸಿನ ಕಾರ್ಡು ನೇತು ಹಾಕಿಕೊಂಡು ಬೆಳಿಗ್ಗೆ ಕಂಪನಿ ಗಾಡಿ ಹತ್ತಿದರೆ, ಇಳಿಯುವಾಗ ನಮ್ಮ ಓಣಿಯ ನಾಯಿಗಳೂ ಮಲಗಿರುತ್ತವೆ. ಇಷ್ಟೇ ಆಗಿದ್ದರೆ ಅವಳ ಬಗ್ಗೆ ನಾನು ಯಾಕೆ ಬರೆಯುತ್ತಿದ್ದೆ? ಈ ಊರಲ್ಲಿ ಈಗ ಕಲ್ಲು ಎಸೆದರೆ ಇಂಜಿನಿಯರಿಗೇ ಬೀಳುತ್ತದೆ. ಮೌಶಿಯ ವಿಶೇಷ ಬೇರೆ. ಅವಳು ಚೌಕಾಶಿ ಮಾಡದೆ ಉಸಿರನ್ನೂ ತೆಗೆದುಕೊಳ್ಳುವುದಿಲ್ಲ.

ಸುಲ್ತಾನ್ ಬಜಾರಿನಲ್ಲಿ ಅವಳು ಕಾಲಿಟ್ಟರೆ ಅರ್ಧ ಅಂಗಡಿಗಳ ಶಟರು ತಾವಾಗಿಯೇ ಇಳಿಯುತ್ತವೆ. ಬಳೆ ಅಂಗಡಿಯ ಚಾಚಾ ಮಾತ್ರ ಓಡಿಹೋಗಲಾರದೆ ಎರಡೂ ಕೈ ಮುಗಿದು, "ಆಪಾ, ಅಭೀ ಬೋಣಿ ಭೀ ನೈ ಹುಯೀ, ಜರಾ ರಹಮ್ ಕರೋ" ಎನ್ನುತ್ತಾರೆ. ಅಕ್ಕಾ, ಇನ್ನೂ ಬೋಣಿಯೂ ಆಗಿಲ್ಲ, ಸ್ವಲ್ಪ ಕರುಣೆ ತೋರಿಸು ಅಂತ. ಮೌಶಿ ಕರುಣೆ ತೋರಿಸುವುದಿಲ್ಲ. ಅವಳದ್ದೊಂದು ಶಾಸ್ತ್ರವಿದೆ. ಮೊದಲು ಬೇಡದ್ದನ್ನು ಕೇಳಬೇಕು. ಆಮೇಲೆ ಬೇಕಾದದ್ದನ್ನು ಬೇಡ ಅನ್ನಬೇಕು. ಕೊನೆಗೆ ಬೆನ್ನು ತಿರುಗಿಸಿ, ಅಂಗಡಿಯವನು ಕರೆಯುವಷ್ಟು ನಿಧಾನವಾಗಿ ನಡೆಯಬೇಕು.

"ಕರೀಲಿಲ್ಲಂದ್ರ?" ಎಂದು ಒಮ್ಮೆ ಕೇಳಿದೆ.

"ಕರದ ಕರೀತಾನ. ಕರೀಲಿಲ್ಲಂದ್ರ ನೀ ಜೋರ್ ನಡದೀದಿ ಅಂತ ಅರ್ಥ!"

ಕೆಲವು ತಿಂಗಳ ಹಿಂದೆ ಜ್ವರವೆಂದು ಅವಳನ್ನು ನಮ್ಮ ಓಣಿಯ ಬೀದರಿನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ತೂಕದ ಮಷೀನಿನ ಮೇಲೆ ನಿಂತವಳೇ ನರ್ಸಮ್ಮನ ಜೊತೆ ಶುರುಮಾಡಿದಳು. "ಚಪ್ಪಲಿದು ಕಳೀರಿ. ಮುಂಜಾನೆ ತಿಂದ ಉಪ್ಪಿಟ್ಟಿಂದು ಕಳೀರಿ. ಜ್ವರಕ್ಕ ಒಂದೀಟು ಬ್ಯಾರೆ ಕಳೀರಿ." ಪಾಪ, ಆ ನರ್ಸಮ್ಮ ಕಳೆದು ಕಳೆದು ಬರೆದ ತೂಕಕ್ಕೆ ಮೌಶಿ ಮತ್ತೆ ಹೈಸ್ಕೂಲು ಸೇರಬಹುದಿತ್ತು.

ಆದರೆ ಡಾಕ್ಟರು ಗಂಟಲು ನೋಡುವಾಗ ಅವರ ಬೆರಳು ಕುತ್ತಿಗೆಯ ಒಂದು ಕಡೆ ನಿಂತಿತು. ಒತ್ತಿದರು. ಮತ್ತೆ ಒತ್ತಿದರು.

"ಇಲ್ಲೊಂದು ಗಂಟು ಐತಲ್ಲವಾ. ಹುಣಸಿ ಬೀಜದಷ್ಟು."

"ಹುಣಸಿ ಬೀಜ ಭಾಳ ಆತ್ರಿ ಡಾಕ್ಟರೆ. ಕಡ್ಲಿಕಾಳು ಅನ್ರಿ."

ಡಾಕ್ಟರು ನಗಲಿಲ್ಲ. ನಾನು ಮಾತ್ರ ನಕ್ಕೆ. ಸೂಜಿ ಚುಚ್ಚಿ ಒಳಗಿನದನ್ನು ತೆಗೆದು ಪರೀಕ್ಷೆ ಮಾಡಿಸಬೇಕು, ಅದನ್ನು ಮಾಡುವ ದೊಡ್ಡ ಡಾಕ್ಟರು ಬುಧವಾರ ಬೆಳಿಗ್ಗೆ ಮಾತ್ರ ಸಿಗುತ್ತಾರೆ ಎಂದರು. "ಏನೂ ಇರಲಿಕ್ಕಿಲ್ಲ. ಆದ್ರ ಕೆಟ್ಟ ಗಂಟು ಅಲ್ಲ ಅನ್ನೋದು ಖಾತ್ರಿ ಆಗಬೇಕು. ತಡಾ ಮಾಡಬ್ಯಾಡ್ರಿ." ಅವ್ವ ಅವತ್ತು ರಾತ್ರಿ ಎರಡು ಸಲ ಸಾರಿಗೆ ಉಪ್ಪು ಹಾಕಿದಳು.

ಈಗ ನೋಡಿ ತಮಾಷೆ! ಮೌಶಿಯ ಆಫೀಸಿನಲ್ಲಿ ಬುಧವಾರ ಬೆಳಿಗ್ಗೆಯೇ ವಾರದ ಮಹಾಮೀಟಿಂಗು. ಅಮೆರಿಕದ ಗಿರಾಕಿಗಳು ನಿದ್ದೆಗೆಟ್ಟು ಫೋನಿನಲ್ಲಿ ಬರುತ್ತಾರೆ. ಅದನ್ನು ತಪ್ಪಿಸುವುದೆಂದರೆ ಸತ್ಯನಾರಾಯಣ ಪೂಜೆಯ ಪ್ರಸಾದ ಬಿಟ್ಟು ಎದ್ದು ಹೋದಷ್ಟು ಪಾಪ. ಅದರ ಪುರೋಹಿತರು ಮೌಶಿಯ ಮ್ಯಾನೇಜರು. ಮೈಸೂರಿನವರು, ಬಲು ಸಭ್ಯರು. ಬೈಯುವಾಗಲೂ 'ದಯವಿಟ್ಟು' ಸೇರಿಸುವವರು. ಅವರು ಜೀವಮಾನದಲ್ಲಿ ಒಂದು ನಿಂಬೆಹಣ್ಣಿಗೂ ಚೌಕಾಶಿ ಮಾಡಿರಲಿಲ್ಲ. ಎದುರಿಗೆ ಯಾರು ಬಂದು ನಿಂತಿದ್ದಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಊಟದ ಹೊತ್ತಿಗೆ ಮೌಶಿ ಎಲ್ಲವನ್ನೂ ನಮಗೆ ಅಭಿನಯಿಸಿ ತೋರಿಸುತ್ತಿದ್ದಳು.

"ಸರ್, ಒಂದು ವಾರ ರಜಾ ಬೇಕಾಗೇತ್ರಿ."

"ಒಂದು ವಾರನಾ? ಏನಾಯ್ತು ಮೇಡಂ?"

"ಕುತ್ತಿಗಿಗೆ ಸೂಜಿ ಚುಚ್ಚಿಸ್ಕೋಬೇಕ್ರಿ."

"ಒಂದು ಸೂಜಿಗೆ ಒಂದು ವಾರನಾ?"

"ಹಂಗಾರ ನೀವ ಹೇಳ್ರಿ, ಎಷ್ಟು ಕೊಡ್ತೀರಿ?"

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರಂತೆ. "ಬುಧವಾರ ಬಿಟ್ಟು ಯಾವತ್ತು ಬೇಕಾದ್ರೂ ತಗೊಳ್ಳಿ, ದಯವಿಟ್ಟು."

"ಡಾಕ್ಟರು ಬುಧವಾರ ಅಷ್ಟ ಬರ್ತಾರ್ರಿ."

"ಹಾಗಾದ್ರೆ ಅವರನ್ನ ಗುರುವಾರ ಬರಕ್ಕೆ ಕೇಳಿ ನೋಡಿ."

"ಕೇಳೀನ್ರಿ. ನಿಮ್ಮ ಮೀಟಿಂಗ ಗುರುವಾರಕ್ಕ ಇಟ್ಕೋರಿ ಅಂದ್ರು!"

ಮಾತು ಅಲ್ಲಿಗೆ ನಿಂತಾಗ ಮೌಶಿ ಶಾಸ್ತ್ರದ ಕೊನೆಯ ಅಸ್ತ್ರ ತೆಗೆದಳು. ಬ್ಯಾಗು ಹೆಗಲಿಗೇರಿಸಿ, ಬೆನ್ನು ತಿರುಗಿಸಿ, ಲಿಫ್ಟಿನ ಕಡೆ ನಡೆದಳು. ಎಷ್ಟು ನಿಧಾನವೆಂದರೆ ಎದುರಿನಿಂದ ಕಸ ಗುಡಿಸುತ್ತ ಬಂದವಳು ಇವಳ ಸುತ್ತ ಗುಡಿಸಿ ಮುಂದೆ ಹೋದಳು. ಮ್ಯಾನೇಜರು ಕರೆಯಲಿಲ್ಲ. ಲಿಫ್ಟು ಬಂತು. ಈಗ ಹತ್ತದಿದ್ದರೆ ಮರ್ಯಾದೆ ಹೋಗುತ್ತದೆ! ಹತ್ತಿದಳು, ಇಳಿದಳು, ಕೆಳಗಿನ ಡಬ್ಬಿ ಅಂಗಡಿಯಲ್ಲಿ ಚಹಾ ಕುಡಿದಳು, ಬೇರೆ ದಾರಿಯಿಲ್ಲದೆ ಮತ್ತೆ ಮೇಲೆ ಬಂದು ತನ್ನ ಕುರ್ಚಿಯಲ್ಲಿ ಕೂತಳು.

"ಮೈಸೂರು ಕಡಿಯವರು ನೋಡು," ಎಂದಳು ರೊಟ್ಟಿ ಮುರಿಯುತ್ತ. "ಹೊಂಟವರನ್ನ ಹಿಂದಿಂದ ಕರೀಬಾರದು ಅಂತ ಕಲಿಸಿರ್ತಾರ."

ಎರಡನೆಯ ಸುತ್ತಿನಲ್ಲಿ ಮ್ಯಾನೇಜರು ಸ್ವಲ್ಪ ಮೆತ್ತಗಾದರು. ಡಾಕ್ಟರ ಸರ್ಟಿಫಿಕೇಟು ತಂದರೆ ಯೋಚಿಸುತ್ತೇನೆ ಎಂದರು.

"ಸರ್ಟಿಫಿಕೇಟು ಸೂಜಿ ಚುಚ್ಚಿದ ಮ್ಯಾಲ ಕೊಡ್ತಾರ್ರಿ. ಸೂಜಿ ಚುಚ್ಚೋದು ನೀವು ರಜಾ ಕೊಟ್ಟ ಮ್ಯಾಲ. ರಜಾ ಕೊಡೋದು ನಾ ಸರ್ಟಿಫಿಕೇಟು ತಂದ ಮ್ಯಾಲ. ನಾವಿಬ್ಬರೂ ಪ್ರೋಗ್ರಾಂ ಬರಿಯೋ ಮಂದಿ. ಇದಕ್ಕ ಏನಂತಾರ ಹೇಳ್ರಿ ಸರ್?"

"...ಲೂಪ್."

"ಕೊನೀ ಇಲ್ಲದ್ದು! ಸಿಸ್ಟಮ್ ಕೆಡೋದು ಇದರಿಂದನ ಅಂತ ನೀವ ಹೋದ ವಾರ ನನಗ ಬೈದಿರಿ."

ಆ ದಿನ ಆ ಮಹಡಿಯಲ್ಲಿ ಯಾರೂ ಕೆಲಸ ಮಾಡಲಿಲ್ಲವಂತೆ, ಎಲ್ಲರೂ ಮೇಜುಗಳ ನಡುವಿನ ಗಿಡ್ಡ ಗೋಡೆಗಳ ಮೇಲಿಂದ ತಲೆಯೆತ್ತಿ ಕೇಳುತ್ತಿದ್ದರಂತೆ. ನಾನು ಅಭಿಮಾನದಿಂದ ಉಬ್ಬಿಹೋದೆ. ಯಾರ ಮನೆಯಲ್ಲಿದ್ದಾರೆ ಇಂಥ ಮೌಶಿ? ನನ್ನ ಗೆಳೆಯರ ಮೌಶಿಗಳೆಲ್ಲ ಬರೀ ಮಾರ್ಕ್ಸು ಕೇಳುತ್ತಾರೆ.

ಅವ್ವ ಮಾತ್ರ ನಗುತ್ತಿರಲಿಲ್ಲ. "ಈ ಬುಧವಾರ ಆಗ್ತೈತೇನ?" ಎಂದು ಕೇಳುತ್ತಿದ್ದಳು. "ಮಾತಾಡಾಕತ್ತೀನಿ ಅಕ್ಕಾ, ಇಳೀತಾನ" ಎನ್ನುತ್ತಿದ್ದಳು ಮೌಶಿ. ಬುಧವಾರ ಬರುತ್ತಿತ್ತು, ಹೋಗುತ್ತಿತ್ತು. ಒಂದು ದಿನ ಜಡೆ ಹಾಕುವ ನೆಪದಲ್ಲಿ ಅವ್ವ ತಂಗಿಯ ಕುತ್ತಿಗೆ ಸವರಿ ನೋಡಿ, ಜಡೆ ಅರ್ಧಕ್ಕೇ ಬಿಟ್ಟು ಒಳಗೆ ಹೋದಳು.

ಕೊನೆಗೆ ಮೊನ್ನೆ ಭಾನುವಾರ ಮ್ಯಾನೇಜರೇ ಮನೆಗೆ ಫೋನು ಮಾಡಿದರು. ನಾನು ತಕ್ಷಣ ಫೋನಿನ ಸ್ಪೀಕರು ಒತ್ತಿದೆ. ಇಂಥ ಪಂದ್ಯವನ್ನು ಯಾರಾದರೂ ಗೋಡೆಯಾಚೆ ನಿಂತು ಕೇಳುತ್ತಾರೆಯೇ?

"ಮೇಡಂ, ನಿಮ್ಮ ವಿಷಯ ನಮ್ಮ ಮನೆಯವ್ರಿಗೆ ಹೇಳ್ದೆ. ಸರಿಯಾಗಿ ಬೈದ್ರು ನನಗೆ. ಬುಧವಾರ ಪೂರ್ತಿ ರಜಾ ತಗೊಳ್ಳಿ. ಗುರುವಾರ, ಶುಕ್ರವಾರನೂ ತಗೊಳ್ಳಿ. ಮೀಟಿಂಗ್ ನಾನು ನೋಡ್ಕೋತೀನಿ."

ಗೆದ್ದಳು! ನಾನು ಸೋಫಾದ ಮೇಲೆ ಹಾರಿ ನಿಂತೆ. ಮೌಶಿ ಮಾತ್ರ ಫೋನನ್ನು ಕೈಯಿಂದ ಮುಚ್ಚಿ ನನ್ನ ಕಡೆ ಗಾಬರಿಯಿಂದ ನೋಡಿದಳು. "ನಾ ಬಾಯಿ ತೆಗಿಯೋಕಿಂತ ಮೊದಲ ಮೂರು ದಿನ ಕೊಡ್ತಾನಲ್ಲೋ. ಮಾಲಿನಾಗ ಏನೋ ಐಬು ಐತಿ." ಆಮೇಲೆ ಕೈ ತೆಗೆದು ಹೇಳಿದಳು. "ಮೂರು ದಿನ ಯಾಕ್ರಿ ಸರ್? ಒಂದು ದಿನ ಭಾಳ ಆತು."

"ಇರ್ಲಿ ಮೇಡಂ, ರೆಸ್ಟ್ ಬೇಕಾಗತ್ತೆ."

"ಅರ್ಧ ದಿನ ಮಾಡ್ರಿ."

"ಅರ್ಧ ದಿನ ಸಾಲಲ್ಲ ಮೇಡಂ!"

"ಒಂದು ತಾಸು? ಹೋಗಿ ಬಂದ ಬಿಡ್ತೀನಿ."

"ದಯವಿಟ್ಟು ಒಂದು ದಿನನಾದ್ರೂ ತಗೊಳ್ಳಿ ಮೇಡಂ!"

ಮ್ಯಾನೇಜರು ರಜೆ ಮಾರುತ್ತಿದ್ದಾರೆ, ಮೌಶಿ ಕೊಳ್ಳುತ್ತಿಲ್ಲ! ನಾನು ದಿಂಬು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಹೊರಳಾಡುತ್ತಿದ್ದೆ. "ಈ ಬುಧವಾರನ ಯಾಕ್ರಿ," ಅನ್ನುತ್ತಿದ್ದಳು ಮೌಶಿ, "ಮುಂದಿನ ತಿಂಗಳು ಕೆಲಸ ಕಡಿಮಿ ಇರ್ತೈತಿ. ಇಲ್ಲಾ ದೀಪಾವಳಿ ಆಗಿ ಹೋಗ್ಲಿ..."

ಅಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಬಂದಳು. ಎರಡೂ ಕೈಗೆ ಜೋಳದ ಹಿಟ್ಟು. ಆ ಕೈಯಲ್ಲೇ ರಿಸೀವರು ಕಿತ್ತುಕೊಂಡಳು.

"ನಮಸ್ಕಾರ್ರಿ. ನಾ ಆಕಿ ಅಕ್ಕ. ಬುಧವಾರ ಆಕಿ ಆಫೀಸಿಗೆ ಬರಂಗಿಲ್ಲ. ನಿಮ್ಮ ಮನಿಯವರಿಗೆ ಭಾಳ ಪುಣ್ಯ ಬರ್ಲಿ. ಇಡ್ತೀನ್ರಿ."

ಇಟ್ಟೇಬಿಟ್ಟಳು. ಕೆಲವು ತಿಂಗಳ ಪಂದ್ಯ ಒಂದೇ ಉಸಿರಿಗೆ ಮುಗಿದುಹೋಯಿತು. ಇನ್ನು ಮೌಶಿ ಸಿಡಿಯುತ್ತಾಳೆ, ಮಜಾ ಬರುತ್ತದೆ ಎಂದು ದಿಂಬು ತೆಗೆದು ಎದ್ದು ಕೂತೆ. ಮೌಶಿ ಸಿಡಿಯಲಿಲ್ಲ. ಸುಲ್ತಾನ್ ಬಜಾರನ್ನೇ ನಡುಗಿಸುವ ನಮ್ಮ ಮೌಶಿ, ಹಿಟ್ಟು ಮೆತ್ತಿದ ಆ ಫೋನನ್ನೇ ನೋಡುತ್ತ ನಿಂತಿದ್ದಳು. ಒಂದು ಕೈ ಕುತ್ತಿಗೆಯ ಗಂಟಿನ ಮೇಲಿತ್ತು.

"ಅಂಜಿಕಿ ಬರಾಕತ್ತೈತೇನ?" ಎಂದಳು ಅವ್ವ.

ಮೌಶಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಕೇಳಿದಳು. "ನೀನೂ ಒಳಗ ಬರ್ತಿಯೇನ ಅಕ್ಕಾ?"

"ಬರ್ತೀನಿ."

"ಚುಚ್ಚೋ ಮುಂದ ಕೈ ಹಿಡ್ಕೋತಿಯೇನ?"

"ಹಿಡ್ಕೋತೀನಿ."

"ಎರಡೂ ಕೈ?"

"ಎರಡೂ ಕೈ."

ಮೌಶಿ ಇನ್ನೇನೂ ಕೇಳಲಿಲ್ಲ.