ಅತ್ಯಾನ ಗುಲಾಬಿಗೆ ಬೂದಿ ಬಡಿದಾಗ

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಆಗಿದ್ದಿಲ್ಲ. ಗಿಡಕ್ಕೆ ಜಡ್ಡು ಬಂದರೆ ಔಷಧ ಊರ ಮಂದಿಯ ಮೈಮೇಲೆ ಬೀಳುತ್ತದೆ. ಇಂಗ್ಲಿಷ್ ಮೂರನೇ ಇಯತ್ತೆಯಲ್ಲಿ ನಾನು ಎರಡು ವರ್ಷ ಕೂತ ಮೇಲೆ ಮಾಸ್ತರರೇ, "ಸಾಕಪಾ, ಬೆಂಚು ಸವದಾವು" ಎಂದು ಕೈಮುಗಿದು ಮನೆಗೆ ಕಳಿಸಿದರು. ಹಾಗಾಗಿ ಇದನ್ನೆಲ್ಲಾ ನೋಡಲು ನನಗೆ ಬೇಕಾದಷ್ಟು ಪುರಸೊತ್ತಿತ್ತು. ನೋಡಿದ್ದಷ್ಟೇ ಅಲ್ಲ, ಅರ್ಧಕ್ಕರ್ಧ ನಾನೇ ಮಾಡಿದ್ದು.

ಅತ್ಯಾ ಎಂದರೆ ಅಪ್ಪನ ಅಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಧಾರವಾಡದ ನಮ್ಮ ಮನೆಗೆ ಬಂದವಳು. ಹಿತ್ತಲಲ್ಲಿ ಎಂಟು ಕುಂಡಗಳಲ್ಲಿ ಗುಲಾಬಿ ಬೆಳೆಸಿದ್ದಳು. ತಾನಂತೂ ಮುಡಿಯುವಂತಿಲ್ಲ. ಕಚೇರಿಯಲ್ಲಿ ಕಾರಕೂನನಾಗಿದ್ದ ನಮ್ಮ ಕಾಕಾ, ಅಂದರೆ ಅಪ್ಪನ ತಮ್ಮ, ಅರಳಿದ್ದನ್ನೆಲ್ಲಾ ಹರಿದುಕೊಂಡು ಹೋಗಿ, ಬಂದ ಬಂದ ಸಾಹೇಬರ ಕೊರಳಿಗೆ ಹಾಕುತ್ತಿದ್ದ.

"ಒಂದು ಹೂವರೆ ಗಿಡದಾಗ ಅರಳಿ ಗಿಡದಾಗ ಉದುರೂದು ನಾ ನೋಡಬೇಕಲ್ಲೋ," ಎಂದಳು ಅತ್ಯಾ ಒಂದು ದಿನ.

"ಈ ಸಲ ನೋಡ್ತಿ. ಒಂದು ಎಸಳೂ ಕಚೇರಿಗೆ ಹೋಗೂದಿಲ್ಲ," ಎಂದು ನಾನು ಇಲ್ಲದ ಮೀಸೆಯ ಮೇಲೆ ಕೈ ಹಾಕಿ ಹೇಳಿದೆ.

ಅದೇ ವಾರ ಗಿಡಗಳಿಗೆ ಬೂದಿರೋಗ ಬಡಿಯಿತು.

೧. ದೃಷ್ಟಿ

ಎಲೆಗಳ ಮೇಲೆ ಹಿಟ್ಟು ಸುರಿದಂತೆ ಬೆಳ್ಳಗಾಗಿ, ಚಿಗುರು ಮುರುಟಿತು. ಮಗ್ಗಲು ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿ, "ದೃಷ್ಟಿ ಆಗೇದ. ಒಂದು ಹಳೀ ಚಪ್ಪಲಿ ಕಟ್ಟು," ಎಂದಳು. ಹಳೆಯದನ್ನು ಯಾರು ಹುಡುಕುತ್ತಾರೆ? ಕೈಗೆ ಸಿಕ್ಕದ್ದನ್ನು ಕಟ್ಟಿದೆ.

ಕಚೇರಿಗೆ ಹೊರಟ ಕಾಕಾ ಹಿತ್ತಲಿಗೆ ಬಂದು ಗಿಡ ನೋಡಿ, "ಇಕೀ ಕೈ ತಾಗಿದ್ದಕ್ಕ ಹಿಂಗಾಗೇದ. ಗಂಡನ್ನ ತಿಂದಾಕಿ ಕೈ," ಎಂದುಬಿಟ್ಟ. ಅತ್ಯಾ ತಲೆ ತಗ್ಗಿಸಿದಳು. ನನಗೆ ತಡೆಯಲಿಲ್ಲ.

"ಕಾಕಾ, ದಿನಾ ಎರಡು ಹೊತ್ತು ಅದ ಕೈಲೆ ಮಾಡಿದ ಅನ್ನ ಉಂಡು ನೀ ಹೆಂಗ ಇಷ್ಟು ದಪ್ಪಾದಿ?"

ನನಗೆ ಹೊಡೆಯಲು ಕಾಕಾ ಚಪ್ಪಲಿಗಾಗಿ ಕಾಲ ಬುಡಕ್ಕೆ ಕೈ ಹಾಕಿದ. ಬರಿಗಾಲು. ಬಾಗಿಲಿಗೆ ಹೋಗಿ ನೋಡಿದ, ಅಲ್ಲಿ ಒಂದೇ ಇತ್ತು. ಇನ್ನೊಂದು ಗುಲಾಬಿ ಗಿಡದಲ್ಲಿ ಜೋತಾಡುತ್ತಿತ್ತು.

೨. ಗುಲಾಬದಾನಿ

ದವಾಖಾನೆಯ ಕಂಪೌಂಡರರನ್ನು ಕೇಳಿದೆ. "ಹುಳಿ ಮಜ್ಜಿಗಿ ತೆಳ್ಳಗ ಮಾಡಿ ಎಲಿಗೆ ಸಿಂಪಡಸು," ಎಂದರು. ಸಿಂಪಡಿಸಲು ನಮ್ಮಲ್ಲಿ ಏನಿತ್ತು? ಬಂದವರಿಗೆ ಪನ್ನೀರು ಚಿಮುಕಿಸುವ ಬೆಳ್ಳಿಯ ಗುಲಾಬದಾನಿ. ಗುಲಾಬಿಗೆ ಗುಲಾಬದಾನಿ, ತಪ್ಪೇನು? ಮುಂಜಾನೆ ಎಂಟೂ ಕುಂಡಕ್ಕೆ ಸಿಂಪಡಿಸಿ, ಮಿಕ್ಕಿದ್ದನ್ನು ಅದರಲ್ಲೇ ಬಿಟ್ಟು ಕೆಲಗೇರಿ ಕೆರೆಗೆ ಈಜಲು ಹೋದೆ.

ಸಂಜೆ ಬಂದು ನೋಡಿದರೆ ಮನೆಯಲ್ಲಿ ಗಾಯನದ ಬೈಠಕ್. ಧೋತರ, ಕೋಟು, ರುಮಾಲಿನ ದೊಡ್ಡ ಮಂದಿ ಪಡಸಾಲೆ ತುಂಬ ಕೂತಿದ್ದರು. ಕಾಕಾ ಹಲ್ಲು ಕಿರಿಯುತ್ತಾ, ಸಾಲು ಹಿಡಿದು ಒಬ್ಬೊಬ್ಬರ ಮೇಲೂ ಗುಲಾಬದಾನಿ ಝಾಡಿಸುತ್ತಾ ಹೊರಟಿದ್ದ. ನಾನು ಕಂಬದ ಹಿಂದೆ ನಿಂತುಬಿಟ್ಟೆ.

ಎಲ್ಲರೂ ಎಲ್ಲರ ಕಡೆ ನೋಡಿದರು. ಹಾಡುವವರು ತಂಬೂರಿ ಬಿಟ್ಟು ಮೂಗು ಒರೆಸಿಕೊಂಡರು. ಕಡೆಗೆ ಒಬ್ಬ ಹಿರಿಯರು ತೋಳು ಮೂಸಿ ನೋಡಿ, ಗಂಭೀರವಾಗಿ, "ರಾಯರ, ಛಲೋ ಅದ. ಇಂಗು ಸ್ವಲ್ಪ ಕಡಿಮಿ ಬಿದ್ದದ," ಎಂದರು.

೩. ಎಂಟು ಮಂದಿಗೆ ತುರಿಕೆ

ಮಜ್ಜಿಗೆಯಿಂದ ಅರ್ಧ ಗುಣ ಕಂಡಿತು. "ಇನ್ನ ಗಂಧಕನ ಆಗಬೇಕು," ಎಂದರು ಕಂಪೌಂಡರರು. ರೈಲು ಹತ್ತಿ ಹುಬ್ಬಳ್ಳಿಯ ಪೇಟೆಗೆ ಹೋದೆ. ತುರಿಕೆಗೆ ಎಲ್ಲರೂ ಗಂಧಕವನ್ನೇ ಹಚ್ಚುವುದು. ಅಂಗಡಿಕಾರ ತೂಗುತ್ತಾ ಕೇಳಿದ:

"ಯಾರಿಗೆ ತುರಿಕಿ?"

"ಎಂಟು ಮಂದಿಗ್ರಿ."

"ಎಂಟು ಮಂದಿಗೆ! ಭಾಳ ಆಗೇದೇನು?"

"ಮೈ ತುಂಬ ಆಗೇದ್ರಿ. ಎಲ್ಲಾರ್ನೂ ಹಿತ್ತಲದಾಗ ಬಿಸಲಿಗೆ ನಿಲ್ಲಿಸೇವಿ."

ಯಾರ ಮನೆ ಎಂದು ಕೇಳಿದ. ಮುಚ್ಚಿಡುವುದೇನು ಬಂತು ಎಂದು ಕಾಕಾನ ಹೆಸರು, ಓಣಿ, ಕಚೇರಿ ಎಲ್ಲಾ ಹೇಳಿದೆ.

ಬಾಡಿದ ಎಲೆಗಳನ್ನು ಕತ್ತರಿಸಿ ಸುಟ್ಟೆ. ಕುಂಡಗಳನ್ನು ಗಾಳಿ ಆಡುವಂತೆ ದೂರ ದೂರ ಇಟ್ಟೆ. ಗಂಧಕವನ್ನು ಸಣ್ಣಗೆ ಅರೆದು, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಮುಂಜಾನೆ ತಂಪಿನಲ್ಲಿ ಎಲೆಗಳ ಮೇಲೆ ಕೊಡವಿದೆ. ಅತ್ಯಾ ಹಿಂದೆ ಹಿಂದೆ ಬಂದು, "ಇಲ್ಲಿ ಬಿಟ್ಟೀ ನೋಡು, ಕುರುಡ್ಯಾ," ಎನ್ನುತ್ತಿದ್ದಳು. ಹದಿನೈದು ದಿನದಲ್ಲಿ ಕೆಂಪು ಚಿಗುರು ಬಂತು, ಮೇಲೆ ಒಂದು ಚುಕ್ಕೆ ಇಲ್ಲ.

ಅಷ್ಟರಲ್ಲಿ ಹುಬ್ಬಳ್ಳಿಯ ಮಾತು ಧಾರವಾಡ ಮುಟ್ಟಿತ್ತು. ನಮ್ಮ ಕ್ಷೌರಿಕ ಅಂಗಳದಾಚೆಯೇ ನಿಂತು, "ರಾಯರ, ತಪ್ಪ ತಿಳೀಬ್ಯಾಡ್ರಿ. ನನ್ಕಡೆ ಇರೂದು ಒಂದ ಕತ್ತಿ, ಗಿರಾಕಿ ಭಾಳ ಅದಾರ್ರಿ," ಎಂದು ಹಾಗೇ ತಿರುಗಿ ಹೋದ. ಗುಲಾಬಿಗೆ ಹಸಿರು ಬಂತು, ಕಾಕಾಗೆ ಗಡ್ಡ ಬಂತು.

೪. ಸಾಹೇಬ ಬಂದ

ಗಿಡ ತುಂಬ ಹೂವು. ಅದೇ ಹೊತ್ತಿಗೆ ಕಾಕಾನ ಕಚೇರಿಗೆ ದೊಡ್ಡ ಇಂಗ್ಲಿಷ್ ಸಾಹೇಬನ ಸವಾರಿ. "ನಾಳೆ ಮುಂಜಾನೆ ಎಲ್ಲಾ ಹರೀತೇನಿ. ಗುಲಾಬಿ ಅಂದ್ರ ಸಾಹೇಬರಿಗೆ ಜೀವ," ಎಂದ ಕಾಕಾ. ಅತ್ಯಾ ಒಳಗೆ ಹೋದಳು.

ಮರುದಿನ ನಸುಕಿನಲ್ಲೇ ಎದ್ದು ಅಡುಗೆಮನೆಯ ಅಕ್ಕಿಹಿಟ್ಟಿನ ಡಬ್ಬಿ ತಂದೆ. ಗಂಧಕ ಕೊಡವಿದ ಹಾಗೇ ಎಂಟೂ ಗಿಡಕ್ಕೆ ಹಿಟ್ಟು ಕೊಡವಿದೆ. ಕಾಕಾ ಬುಟ್ಟಿ ಹಿಡಿದು ಬಂದು ನೋಡಿ, "ಮತ್ತ ಬಂತಲ್ಲೋ ಹಾಳು ಜಡ್ಡು!" ಎಂದು ಖಾಲಿ ಬುಟ್ಟಿಯೊಂದಿಗೆ ಹೋದ.

ಆದರೆ ಹೋದವನು ಬಾಯಿ ಮುಚ್ಚಿಕೊಂಡಿರಬೇಕಲ್ಲ? ಚೆಂಡುಹೂವಿನ ಮಾಲೆ ಹಾಕುತ್ತಾ, ಗುಲಾಬಿಗೆ ಜಡ್ಡು ಬಂದಿದೆ ಎಂದು ಸಾಹೇಬನ ಮುಂದೆ ಅತ್ತಿದ್ದಾನೆ. ಸಾಹೇಬ ಗುಲಾಬಿ ಹುಚ್ಚಿನವನು. "ನಾನು ನೋಡುತ್ತೇನೆ," ಎಂದು ನೆಟ್ಟಗೆ ನಮ್ಮ ಹಿತ್ತಲಿಗೇ ಬಂದ. ಹಿಂದೆ ಗಡ್ಡದ ಕಾಕಾ.

ಸಾಹೇಬ ಬಗ್ಗಿ ನೋಡಿದ. ಇರುವೆಗಳು ರೋಗವನ್ನು ಹೊತ್ತುಕೊಂಡು ಸಾಲಾಗಿ ಗೋಡೆ ಹತ್ತುತ್ತಿದ್ದವು. ಬೆರಳಿಗೆ ಹಚ್ಚಿಕೊಂಡು ನಾಲಿಗೆಗೆ ಮುಟ್ಟಿಸಿದ.

"ಇದು ರೋಗ ಅಲ್ಲ. ಇದು ಅಕ್ಕಿ," ಎಂದ ಪರೀಕ್ಷೆಗೆ ಕಲಿತ ಕನ್ನಡದಲ್ಲಿ. "ಯಾರು ಮಾಡಿದರು?"

"ನಾನ್ರಿ."

"ಯಾಕೆ?"

"ಇಲ್ಲಾಂದ್ರ ಇಷ್ಟೊತ್ತಿಗೆ ಇವು ನಿಮ್ಮ ಕೊರಳಾಗ ಇರ್ತಿದ್ದೂರಿ. ನಮ್ಮ ಅತ್ಯಾ ಬೆಳೆಸ್ಯಾಳ. ಇವು ಗಿಡದಾಗ ಇರಬೇಕು ಅಂತಾಳ."

ಸಾಹೇಬ ಅತ್ಯಾನ ಸೆರಗು ಕಾಣುತ್ತಿದ್ದ ಬಾಗಿಲ ಕಡೆ ತಿರುಗಿ, "ಅಮ್ಮ, ನನಗೆ ಒಂದು ಹೂ ಕೊಡುತ್ತೀರಾ?" ಎಂದು ಕೇಳಿದ.

ಪರ ಗಂಡಸರ ಮುಂದೆ ಎಂದೂ ದನಿ ತೆಗೆಯದ ಅತ್ಯಾ ಬಾಗಿಲ ಹಿಂದಿನಿಂದ, "ಇಲ್ಲ," ಎಂದಳು.

"ಒಂದು ಸಣ್ಣದು?"

"ಇಲ್ಲ ಅಂದೆನಲ್ಲ."

ಸಾಹೇಬ ಜೋರಾಗಿ ನಕ್ಕು, ಹ್ಯಾಟು ತೆಗೆದು ಬಾಗಿಲಿಗೆ ನಮಸ್ಕಾರ ಮಾಡಿ ಹೋದ. ಕಾಕಾ ಅತ್ಯಾನ ಮೇಲೆ ಹರಿಹಾಯ್ದ.

"ಸಾಹೇಬರಿಗೆ ಇಲ್ಲ ಅಂದ್ಯಾ! ನನ್ನ ನೌಕರಿ ಗತಿ ಏನು?"

"ಅಂವ ಕೇಳಿದ, ನಾ ಇಲ್ಲ ಅಂದೆ," ಎಂದಳು ಅತ್ಯಾ ಹೊರಗೆ ಬಂದು. "ಇಷ್ಟು ವರ್ಷ ಹರಕೊಂಡು ಹೋದಿ. ನೀ ಒಂದು ದಿನರೆ ಕೇಳೀಯೇನು?"

ಕಾಕಾನ ನೌಕರಿ ಎಲ್ಲಿಯೂ ಹೋಗಲಿಲ್ಲ. ಮೂರು ದಿನ ಕಾಕಾ ಹಿತ್ತಲ ಕಡೆ ಹಾಯಲಿಲ್ಲ. ನಾಲ್ಕನೆಯ ದಿನ ಮುಂಜಾನೆ ಅತ್ಯಾ ಕುಂಡದ ಮುಂದೆ ಕೂತು, ಎಸಳು ಒಂದೊಂದಾಗಿ ಬೀಳುವುದನ್ನು ನೋಡುತ್ತಿದ್ದಳು. ಕಾಕಾ ಬಂದು ನಿಂತ. ಕೆಮ್ಮಿದ. ಕೋಟಿನ ಗುಂಡಿ ಹಾಕಿದ, ತೆಗೆದ. ಹುಟ್ಟಿದಾಗಿನಿಂದ ಮೊದಲನೇ ಸಲ, ಸಾಲಿ ಹುಡುಗನ ಹಾಗೆ ಕೈ ಕಟ್ಟಿ ಕೇಳಿದ:

"ಅಕ್ಕಾ, ಒಂದು ಹೂ ತಗೊಳ್ಳೇನು?"

ಅತ್ಯಾ ಗಿಡದಿಂದ ಕಣ್ಣು ತೆಗೆಯದೆ ಹೇಳಿದಳು:

"ಬ್ಯಾಡ."